ಏಳನೇ ಕಾಲಂ

ಮೂರು ವರ್ಷ ಅಳತೆಯ ಶಾಸ್ತ್ರ ಓದಿ, ಕೊನೆಯ ಪರೀಕ್ಷೆಯಲ್ಲಿ ಇಡೀ ಕಾಲೇಜಿಗೇ ಮೊದಲಿಗಳಾಗಿ ಬಂದ ನನಗೆ ನೌಕರಿಯಲ್ಲಿ ಕೊಟ್ಟ ಮೊದಲ ಕೆಲಸ ಅಡ್ಡಗೆರೆ ಎಳೆಯುವುದು. ಸುಳ್ಳು ಹೇಳುತ್ತಿಲ್ಲ. ನಮ್ಮ ಊರಿನ ರಸ್ತೆ ಅಳತೆ ಕಚೇರಿಯಲ್ಲಿ ತಲೆದಿಂಬಿನಷ್ಟು ದಪ್ಪದ ಒಂದು ಪುಸ್ತಕವಿದೆ. ಅದರ ಪ್ರತಿ ಪುಟದಲ್ಲೂ ಎಂಟು ಕಾಲಂಗಳು: ರಸ್ತೆಯ ಹೆಸರು, ಎಲ್ಲಿಂದ, ಎಲ್ಲಿಗೆ, ತಾರೀಖು, ಅಳೆದವರು, ಎಷ್ಟು ಸುತ್ತು, ಹೊತ್ತ ಭಾರ, ಸಹಿ. ಮೊದಲ ಆರನ್ನು ಮುಖ್ಯ ಅಳತೆಗಾರರಾದ ಗುರುಶಿದ್ದಪ್ಪ ಸಾಹೇಬರು ತಾವೇ ತುಂಬಿ, ಎಂಟನೆಯದರಲ್ಲಿ ತಾವೇ ಸಹಿ ಹಾಕಿ, ಏಳನೆಯದನ್ನು ನನಗೆ ಬಿಟ್ಟುಕೊಟ್ಟರು. ಸ್ಕೇಲು ಇಟ್ಟು, ಕಪ್ಪು ಶಾಯಿಯಲ್ಲಿ, ಆ ಕಾಲಮ್ಮಿನ ಮನೆಯ ನಟ್ಟನಡುವೆ ಒಂದು ಅಡ್ಡಗೆರೆ. ಭಾರ ಏನೂ ಇರಲಿಲ್ಲ ಎಂದು ಅದರ ಅರ್ಥ. ಮೊದಲ ದಿನ ನೂರಾ ನಲವತ್ತು ಗೆರೆ ಎಳೆದೆ. ಸಂಜೆ ಸಾಹೇಬರು ಪುಟ ತಿರುವಿ ನೋಡಿ, ನಿನ್ನ ಕೈ ಬಹಳ ನೇರ ಎಂದು ಮೆಚ್ಚಿಕೊಂಡರು. ಮನೆಗೆ ಹೋಗಿ ಅವ್ವನಿಗೆ ಅದನ್ನೇ ಹೇಳಿದೆ. ಅವಳು ದೇವರ ಮುಂದೆ ಸಕ್ಕರೆ ಇಟ್ಟಳು.

ನಮ್ಮ ಊರಿನಲ್ಲಿ ರಸ್ತೆಗಳು ಹೊತ್ತವರಿಗೆ ಉದ್ದ, ಬರಿಗೈಯವರಿಗೆ ಗಿಡ್ಡ. ಅದರಲ್ಲಿ ನಮಗೆ ವಿಶೇಷವೇನೂ ಕಾಣುವುದಿಲ್ಲ. ಮದುವೆಗೆ ಬೀಗರು ಬೆಳಗ್ಗೆ ಬಂದರೆ ಅವರ ಟ್ರಂಕುಗಳು ಮಧ್ಯಾಹ್ನ ಬರುತ್ತವೆ, ಹಾಗಾಗಿ ಮುಹೂರ್ತಗಳೆಲ್ಲ ಇಳಿಹೊತ್ತಿಗೇ. ಶಾಲೆಯಲ್ಲಿ ಬೆಳಗ್ಗೆ ಎರಡು ಸಲ ಗಂಟೆ ಹೊಡೆಯುತ್ತಾರೆ: ಪಾಟಿಚೀಲದ ಮಕ್ಕಳು ಮನೆ ಬಿಡಲಿ ಎಂದು ಒಮ್ಮೆ, ಬರಿಗೈಯ ಮಾಸ್ತರರು ಮನೆ ಬಿಡಲಿ ಎಂದು ಇನ್ನೊಮ್ಮೆ. ಬಸುರಿಯರು ತವರಿಗೆ ಹೋಗುವುದಿದ್ದರೆ ಐದನೇ ತಿಂಗಳು ತುಂಬುವುದರೊಳಗೆ ಹೊರಡುತ್ತಾರೆ. ನನ್ನ ಅವ್ವ ಬಳೆ ಮಾರುವವಳು. ಬಳೆಗಳ ಮಲಾರವನ್ನು ಹೆಗಲಿಗೇರಿಸಿ ನಸುಕಿನಲ್ಲಿ ಮನೆ ಬಿಟ್ಟರೆ ಪೇಟೆ ಮುಟ್ಟುವಾಗ ಬಿಸಿಲು ಚುರುಕಾಗಿರುತ್ತಿತ್ತು. ವ್ಯಾಪಾರ ಚೆನ್ನಾಗಿ ಆದ ದಿನ ಮರಳುವ ದಾರಿ ಗಿಡ್ಡ. ಅವಳು ಬೇಗ ಬಂದರೆ ನಾನು ಕೇಳದೆಯೇ ಇನ್ನೊಂದು ಹಿಡಿ ಅಕ್ಕಿ ಹೆಚ್ಚು ಹಾಕುತ್ತಿದ್ದೆ. ತಡವಾಗಿ ಬಂದ ದಿನವೂ ಏನೂ ಕೇಳುತ್ತಿರಲಿಲ್ಲ.

ಕಾಲೇಜು ಇದ್ದದ್ದು ಬೇರೆ ಊರಿನಲ್ಲಿ. ಟ್ರಂಕು ಹೊತ್ತು ಬಸ್ ನಿಲ್ದಾಣದಿಂದ ಹೊರಟವಳಿಗೆ ಹತ್ತೇ ನಿಮಿಷದಲ್ಲಿ ಹಾಸ್ಟೆಲು ಬಂದುಬಿಟ್ಟಿತು. ಏನೋ ತಪ್ಪಿದೆ ಅನ್ನಿಸಿತು. ಟ್ರಂಕು ಕೋಣೆಯಲ್ಲಿಟ್ಟು ಬರಿಗೈಯಲ್ಲಿ ಮತ್ತೆ ಅದೇ ದಾರಿ ನಡೆದೆ. ಅಷ್ಟೇ ಇತ್ತು. ಮತ್ತೊಮ್ಮೆ ನಡೆದೆ, ಅಷ್ಟೇ. ಆಮೇಲೆ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಜೊತೆಯ ಹುಡುಗಿಯರು ಮನೆ ನೆನಪಾಯಿತೇನೋ ಎಂದು ಬೆನ್ನು ಸವರಿದರು. ನನಗೆ ಬಂದದ್ದು ಸಿಟ್ಟು. ಇಂಥ ರಸ್ತೆಗಳೂ ಲೋಕದಲ್ಲಿವೆ ಎಂದು ನನ್ನ ಅವ್ವನಿಗೆ ಯಾರೂ ಒಂದು ಮಾತು ಹೇಳಿರಲಿಲ್ಲವಲ್ಲ ಎಂಬ ಸಿಟ್ಟು. ಓದು ಮುಗಿದ ಮೇಲೆ ಬೇರೆ ಕಡೆಯ ಎರಡು ನೌಕರಿಗಳನ್ನು ಬಿಟ್ಟು ಊರಿಗೇ ಬಂದದ್ದೂ ಆ ಸಿಟ್ಟಿನಿಂದಲೇ ಇರಬೇಕು. ನಮ್ಮ ರಸ್ತೆಗಳನ್ನು ಸರಿಯಾಗಿ ಅಳೆದು ಬರೆದಿಟ್ಟರೆ ಮುಂದಿನದೆಲ್ಲ ತಾನಾಗಿಯೇ ಸರಿಹೋಗುತ್ತದೆ ಎಂದು ಆಗ ನಂಬಿದ್ದೆ. ಕಾಲೇಜಿನಿಂದ ಆಗಷ್ಟೇ ಹೊರಬಿದ್ದವರ ನಂಬಿಕೆಗಳು ಹಾಗೇ ಇರುತ್ತವೆ.

ಕಚೇರಿಯಲ್ಲಿ ನಾವು ಮೂರೇ ಜನ. ಸಾಹೇಬರು ಕೆಟ್ಟವರಲ್ಲ, ಮೊದಲೇ ಹೇಳಿಬಿಡುತ್ತೇನೆ. ಕಿಟಕಿಯ ಪಕ್ಕದ, ಗಾಳಿ ಬರುವ ಮೇಜನ್ನು ನನಗೆ ಬಿಟ್ಟುಕೊಟ್ಟವರು ಅವರು. ಚಹಾ ಬಂದರೆ ಮೊದಲ ಬಟ್ಟಲು ನನಗೆ. ಲಂಚ ಅನ್ನುವ ಮಾತು ಆ ಕಚೇರಿಯ ಹೊಸ್ತಿಲು ದಾಟಿರಲಿಲ್ಲ. ಮೂರನೆಯವನು ಜವಾನ ದ್ಯಾಮಣ್ಣ. ಅಳತೆಯ ಗಾಲಿ ದಬ್ಬುವುದು ಅವನ ಕೆಲಸ. ಉದ್ದ ಹಿಡಿಕೆಯ ಕಬ್ಬಿಣದ ಗಾಲಿ ಅದು. ಒಂದು ಸುತ್ತು ತಿರುಗಿದರೆ ಠಣ್ ಎಂದು ಗಂಟೆ ಬಾರಿಸುತ್ತದೆ, ಹಿಡಿಕೆಯ ಮೇಲಿನ ತಾಮ್ರದ ಪೆಟ್ಟಿಗೆಯಲ್ಲಿ ಅಂಕಿ ಒಂದು ಮುಂದೆ ಸರಿಯುತ್ತದೆ. ಅಳೆಯುವಾಗ ದ್ಯಾಮಣ್ಣನ ಕೈಯಲ್ಲಿ ಗಾಲಿ ಬಿಟ್ಟರೆ ಬೇರೇನೂ ಇರಬಾರದು. ತಲೆಯ ಪಟಗವನ್ನೂ ಬಿಚ್ಚಿಸುತ್ತಿದ್ದರು.

ಉಳಿದ ಹೊತ್ತಿನಲ್ಲಿ ಸಾಹೇಬರ ಚೀಲ, ಛತ್ರಿ, ಫೈಲುಗಳು, ಊಟದ ಡಬ್ಬಿ ಎಲ್ಲ ದ್ಯಾಮಣ್ಣನ ಮೈಮೇಲೆ. ಬೆಳಗ್ಗೆ ಇಬ್ಬರೂ ಸಾಹೇಬರ ಮನೆಯಿಂದ ಜೊತೆಯಲ್ಲೇ ಹೊರಡುತ್ತಿದ್ದರು. ಸಾಹೇಬರು ಬಂದು ಕಚೇರಿ ಮುಂದಿನ ಬೇವಿನ ಮರದ ಕಟ್ಟೆಗೆ ಕೂತು, ಪತ್ರಿಕೆ ಓದಿ ಮುಗಿಸಿ, ಅರ್ಧ ಕಣ್ಣು ಮುಚ್ಚಿದ ಮೇಲೆ ದ್ಯಾಮಣ್ಣ ಬೆವರು ಒರೆಸಿಕೊಳ್ಳುತ್ತ ಬರುತ್ತಿದ್ದ. ದ್ಯಾಮಣ್ಣ ಒಳ್ಳೆಯವ, ಆದರೆ ಹುಟ್ಟಾ ನಿಧಾನ ಎನ್ನುತ್ತಿದ್ದರು ಸಾಹೇಬರು. ಮೂವತ್ತು ವರ್ಷದಿಂದ ಏನನ್ನೂ ಹೊರದೆ ನಡೆದ ಅವರಿಗೆ, ಹೊತ್ತರೆ ರಸ್ತೆ ಉದ್ದವಾಗುತ್ತದೆ ಅನ್ನುವುದು ಕ್ರಮೇಣ ಒಂದು ನೆವದಂತೆ ಕಾಣತೊಡಗಿತ್ತು. ಆಗುವುದು ಖರೆ, ಆದರೆ ಜನ ಹೇಳುವಷ್ಟಲ್ಲ ಎಂಬುದು ಅವರ ಅಂದಾಜು.

ಏಳನೇ ಕಾಲಮ್ಮಿನ ಬಗ್ಗೆ ನಾನು ಕೇಳಿದ್ದು ಎರಡನೇ ವಾರದಲ್ಲಿ. ಗೆರೆಯನ್ನೇ ಎಳೆಯುವುದಾದರೆ ಕಾಲಂ ಯಾಕಿದೆ ಎಂದೆ. ಸಾಹೇಬರು ಕನ್ನಡಕ ತೆಗೆದು, ಮಗಳಿಗೆ ಹೇಳುವ ಹಾಗೆ ಹೇಳಿದರು.

"ನೋಡವಾ, ಸರಕಾರದ ರಸ್ತೆಗೆ ಒಂದ ಉದ್ದ ಇರಬೇಕು. ಒಬ್ಬಾಕಿ ಕೊಡ ಹೊರತಾಳ, ಒಬ್ಬಾಂವ ಚೀಲ ಹೊರತಾನ. ಎಲ್ಲಾರ ಭಾರ ಹಿಡಕೊಂಡು ಕುಂತ್ರ ಊರಿನ ನಕಾಶಿ ಹಾಳಿ ಮ್ಯಾಲ ನಿಂದ್ರೂದಿಲ್ಲ."

ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಆದರೂ ಆ ವಾರ ಪ್ರತಿದಿನ ಊಟದ ಬಿಡುವಿನಲ್ಲಿ ಹಳೆಯ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿ ನೋಡಿದೆ. ಒಟ್ಟು ಮೂವತ್ತೆಂಟು ಪುಸ್ತಕ. ಯಾರೋ ಪುಣ್ಯಾತ್ಮ ಏಳನೇ ಮನೆ ಕಟ್ಟಿಟ್ಟು ಹೋಗಿದ್ದ, ಅದರೊಳಗೆ ಯಾರೂ ಕಾಲಿಟ್ಟಿರಲಿಲ್ಲ. ಮೊದಲ ಪುಸ್ತಕದ ಮೊದಲ ಪುಟದಿಂದ ನನ್ನ ಕೈಯ ಗೆರೆಗಳವರೆಗೆ ಎಲ್ಲವೂ ಅಡ್ಡಗೆರೆ. ಅವ್ವ ಮಲಾರ ಹೊತ್ತು ನಡೆದ ಪೇಟೆ ರಸ್ತೆಯೂ ಅದರಲ್ಲಿತ್ತು. ಇನ್ನೂರಾ ಅರವತ್ತು ಸುತ್ತು, ಅಡ್ಡಗೆರೆ, ಸಹಿ. ಆ ಪುಟವನ್ನು ಬಹಳ ಹೊತ್ತು ನೋಡುತ್ತ ಕೂತಿದ್ದೆ. ಚಹಾ ಆರಿಹೋಯಿತು.

ನನ್ನ ಪರೀಕ್ಷಾವಧಿ ಆರು ತಿಂಗಳು. ಅದು ಮುಗಿಯುವ ಹೊತ್ತಿಗೆ ಸಾಹೇಬರು ಒಂದು ಕಾಗದಕ್ಕೆ ಸಹಿ ಹಾಕಿದರೆ ನೌಕರಿ ಕಾಯಂ, ಇಲ್ಲದಿದ್ದರೆ ಮನೆ. ಕಾಗದ ಆಗಲೇ ಬೆರಳಚ್ಚಾಗಿ ಅವರ ಮೇಜಿನ ಖಾನೆಯಲ್ಲಿತ್ತು. ಒಂದು ಸಲ ತೋರಿಸಿಯೂ ಇದ್ದರು. ಅವ್ವ ಆ ಕಾಗದದ ದಾರಿ ಕಾಯುತ್ತಿದ್ದಳು. ಬಂದ ದಿನವೇ ಮಲಾರವನ್ನು ಅಟ್ಟಕ್ಕೆ ಹಾಕುವುದೆಂದು ಓಣಿಯವರಿಗೆಲ್ಲ ಹೇಳಿಟ್ಟಿದ್ದಳು. ಅವಳ ಎಡ ಹೆಗಲು ಬಲ ಹೆಗಲಿಗಿಂತ ಎರಡು ಬೆರಳು ಕೆಳಗಿದೆ.

ಐದು ತಿಂಗಳು ಕಳೆದಾಗ ಹುಲಿಗೆವ್ವ ಕಚೇರಿಗೆ ಬಂದಳು. ಕೆಳಗೇರಿಯವಳು, ಐವತ್ತರ ಹೆಂಗಸು, ಅವ್ವನ ಹತ್ತಿರ ಬಳೆ ಇಡಿಸಿಕೊಳ್ಳುವವಳು. ಕೆಳಗೇರಿಯಲ್ಲಿ ಅರವತ್ತು ಮನೆ, ನೀರಿಗೆ ಇರುವುದು ದೂರದ ಒಂದೇ ಬಾವಿ. ಕುಡಿಯುವ ನೀರು ಐನೂರು ಸುತ್ತಿಗಿಂತ ದೂರವಿದ್ದರೆ ಆ ಕೇರಿಗೆ ನಲ್ಲಿ ಹಾಕಿಸಿಕೊಡಬೇಕು ಎಂಬುದು ನಿಯಮ. ಎರಡು ಸಲ ಅರ್ಜಿ ಹಾಕಿದ್ದರು. ಎರಡು ಸಲವೂ ಕಚೇರಿ ಅಳೆದು ನಾನೂರಾ ಹನ್ನೆರಡು ಸುತ್ತು ಎಂದು ಬರೆದು ಅರ್ಜಿ ತಿರುಗಿಸಿ ಕಳಿಸಿತ್ತು. ಈಗ ಮೂರನೆಯ ಅರ್ಜಿ. ಇದೂ ಬಿದ್ದುಹೋದರೆ ಇನ್ನು ಹತ್ತು ವರ್ಷ ಕೇಳುವ ಹಾಗಿಲ್ಲ. ಸಾಹೇಬರು ಅರ್ಜಿ ಓದಿ, ರಸ್ತೆಯೇನು ಬೆಳೆದಿದೆಯೇ ಎಂದು ನಕ್ಕು, ಆದರೂ ನಿಯಮ ನಿಯಮವೇ ಎಂದು ಅಳೆಯುವ ಕೆಲಸವನ್ನು ನನಗೆ ವಹಿಸಿದರು. ನನ್ನ ಮೊದಲ ಸ್ವಂತ ಅಳತೆ. ಎಂಟೂ ಕಾಲಂ ನಾನೇ ತುಂಬಿ ಸಹಿ ಹಾಕುವುದು, ಅದರ ಕೆಳಗೆ ಅವರ ಸಹಿ.

ಹುಲಿಗೆವ್ವ ಹೋಗುವಾಗ ನನ್ನ ಮೇಜಿನ ಹತ್ತಿರ ನಿಂತಳು. ಬೇಡಿಕೊಳ್ಳಲಿಲ್ಲ, ಅಳಲಿಲ್ಲ. ಒಂದು ಪ್ರಶ್ನೆ ಕೇಳಿದಳು.

"ತಂಗಿ, ಖಾಲಿ ಕೊಡ ತಗೊಂಡು ಹೋಗೂದನ್ನ ಅಳೀತೀರಿ. ತುಂಬಿದ ಕೊಡ ತಗೊಂಡು ಬರೂದನ್ನ ಯಾರು ಅಳಿಯವರು?"

ನಾಚಿಕೆಯಾಯಿತು. ಮೂವತ್ತೆಂಟು ಪುಸ್ತಕಗಳಲ್ಲಿ ಒಂದಾದರೂ ಮರಳುವ ದಾರಿ ಇರಲಿಲ್ಲ. ಕಚೇರಿಯ ಮಂದಿ ಮನೆಯಿಂದ ಬಾವಿಗೆ ಅಳೆದು, ಬಾವಿಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು, ಗಾಲಿಯನ್ನು ಗಾಡಿಗೆ ಹಾಕಿ ಮರಳುತ್ತಿದ್ದರು.

ಅಳತೆಯ ದಿನ ದ್ಯಾಮಣ್ಣ ಪುಸ್ತಕವನ್ನೂ ಬಿಚ್ಚಿದ ಪಟಗವನ್ನೂ ಹುಲಿಗೆವ್ವನ ಮನೆಕಟ್ಟೆಯ ಮೇಲಿಟ್ಟು, ಅವಳ ಹೊಸ್ತಿಲಿನಿಂದ ಬಾವಿಯವರೆಗೆ ಗಾಲಿ ದಬ್ಬಿದ. ನಾನೂರಾ ಹನ್ನೆರಡು, ಒಂದು ಹೆಚ್ಚಿಲ್ಲ ಒಂದು ಕಡಿಮೆಯಿಲ್ಲ. ಅವನು ಗಾಡಿ ಹುಡುಕಲು ಹೊರಟಾಗ ತಡೆದೆ. ಹುಲಿಗೆವ್ವನಿಂದ ಒಂದು ಕೊಡ ಇಸಿದುಕೊಂಡು, ಸೇದಿ ತುಂಬಿಸಿ, ಸಿಂಬಿ ಇಟ್ಟು ತಲೆಗೇರಿಸಿದೆ. ಅಂಕಿಯನ್ನು ಸೊನ್ನೆಗೆ ತಿರುಗಿಸಿ ಒಂದು ಕೈಯಲ್ಲಿ ಕೊಡ, ಒಂದು ಕೈಯಲ್ಲಿ ಗಾಲಿ ಹಿಡಿದೆ. ದ್ಯಾಮಣ್ಣನಿಗೆ ಗಾಬರಿ. ಹೀಗೆ ಯಾರೂ ಮಾಡಿಲ್ಲ ಎಂದ. ಅದು ನನಗೆ ಗೊತ್ತು ಎಂದೆ. ಅವನು ಬರಿಗೈ ಬೀಸಿಕೊಂಡು ನನ್ನ ಪಕ್ಕದಲ್ಲೇ ಹೊರಟ, ಹುಲಿಗೆವ್ವ ತಾನೂ ತಲೆಯ ಮೇಲೆ ಒಂದೇ ಕೊಡ ಇಟ್ಟುಕೊಂಡು ಹಿಂದೆ ಬಂದಳು. ಇಪ್ಪತ್ತು ಹೆಜ್ಜೆ ನಡೆಯುವುದರೊಳಗೆ ದ್ಯಾಮಣ್ಣ ಮುಂದೆ ಹೋಗಿ ಕಾಣದಾದ.

ಪಾಟಿಚೀಲ, ಟ್ರಂಕು ಹೊತ್ತದ್ದುಂಟು, ಅವ್ವನ ಮಲಾರವನ್ನು ನಾನು ಎಂದೂ ಹೊತ್ತವಳಲ್ಲ. ಅವಳು ಹೊರಗೊಡುತ್ತಲೇ ಇರಲಿಲ್ಲ. ಹಾಗಾಗಿ ದಿಟದ ಭಾರ ಹೊತ್ತರೆ ನನ್ನೂರಿನ ರಸ್ತೆ ಏನು ಮಾಡಬಲ್ಲದು ಎಂದು ಇಪ್ಪತ್ತೆರಡನೇ ವಯಸ್ಸಿನಲ್ಲಿ ಮೊದಲ ಸಲ ಕಂಡೆ. ಕಣ್ಣೆದುರಿಗಿದ್ದ ಹುಣಸೆಮರ ಬರುತ್ತಲೇ ಇರಲಿಲ್ಲ. ನಾನೂರಾ ಹನ್ನೆರಡಕ್ಕೆ ಇನ್ನೂ ಮರದ ನೆರಳೂ ಸಿಕ್ಕಿರಲಿಲ್ಲ. ಕುತ್ತಿಗೆ ಉರಿಯುತ್ತಿತ್ತು, ನೀರು ತುಳುಕಿ ಕಣ್ಣಿಗಿಳಿಯುತ್ತಿತ್ತು. ಆರುನೂರಕ್ಕೆ ಕಣ್ಣಲ್ಲಿ ಬಂದದ್ದು ಕೊಡದ ನೀರೋ ನನ್ನದೋ ಗೊತ್ತಾಗಲಿಲ್ಲ. ಹಿಂದಿನಿಂದ ಹುಲಿಗೆವ್ವ ತನ್ನ ಸೊಸೆಯ ಬಾಣಂತನದ ಕಥೆ ಹೇಳುತ್ತ, ಒಂದು ಹನಿಯೂ ಚೆಲ್ಲದೆ ಬರುತ್ತಿದ್ದಳು. ಕೊನೆಗೆ ಅವಳ ಹೊಸ್ತಿಲು ಮುಟ್ಟಿದಾಗ ಪೆಟ್ಟಿಗೆಯಲ್ಲಿ ಒಂದು ಸಾವಿರದ ತೊಂಬತ್ತಾರು. ನೀರು ಕಾಲು ಭಾಗ ಚೆಲ್ಲಿಹೋಗಿತ್ತು. ಚೆಲ್ಲದಿದ್ದರೆ ಇನ್ನೂ ಇತ್ತು ಎಂದಳು ಹುಲಿಗೆವ್ವ.

ದ್ಯಾಮಣ್ಣ ಕಟ್ಟೆಯ ಮೇಲೆ ಎರಡನೇ ಬಟ್ಟಲು ಚಹಾ ಕುಡಿಯುತ್ತಿದ್ದ. ನನ್ನ ತಲೆಯ ಮೇಲಿಂದ ಕೊಡ ಇಳಿಸಿ ಹೇಳಿದ.

"ಕಾಯೂದು ಅಂದ್ರ ಹೆಂಗಿರತೈತಿ ಅಂತ ಮೂವತ್ತು ವರ್ಷದಾಗ ಇವತ್ತ ಗೊತ್ತಾತ್ರಿ ಬಾಯಾರ. ಏನೂ ಅನಸಂಗಿಲ್ಲ. ಚಾ ಕುಡಿಯಾಕ ವ್ಯಾಳ್ಯಾ ಸಿಗತೈತಿ, ಅಷ್ಟ."

ಅಲ್ಲೇ ಕಟ್ಟೆಯ ಮೇಲೆ ಪುಸ್ತಕ ಬಿಚ್ಚಿ ಬರೆದೆ. ಎಲ್ಲಿಂದ: ಬಾವಿ. ಎಲ್ಲಿಗೆ: ಹುಲಿಗೆವ್ವನ ಹೊಸ್ತಿಲು. ಅಳೆದವರು: ನೀಲಗಂಗಾ. ಸುತ್ತು: ಒಂದು ಸಾವಿರದ ತೊಂಬತ್ತಾರು. ಹೊತ್ತ ಭಾರ: ಒಂದು ಕೊಡ ನೀರು, ಕಾಲು ಭಾಗ ದಾರಿಯಲ್ಲಿ ಚೆಲ್ಲಿದೆ. ಸಹಿ. ನಾನು ಕಾಲೇಜಿನಿಂದ ನಿಜವಾಗಿ ಹೊರಬಂದದ್ದು ಆ ದಿನ, ಆ ಗಳಿಗೆಯಲ್ಲಿ. ಅಂಕಪಟ್ಟಿ ಕೊಟ್ಟ ದಿನ ಅಲ್ಲ.

ಸಾಹೇಬರು ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು. ಪುಟವನ್ನು ಎರಡು ಸಲ ಓದಿ, ಖಾನೆಯಿಂದ ನನ್ನ ಕಾಯಂ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಬರುವ ಸೋಮವಾರ ಆರು ತಿಂಗಳು ತುಂಬುತ್ತದೆ, ಆ ಪುಟದ ಮೇಲೆ ಒಂದು ಹೊಸ ಹಾಳೆ ಅಂಟಿಸು, ನಾನೂರಾ ಹನ್ನೆರಡು ಅಂತ ಬರೆದು ಗೆರೆ ಎಳೆ, ಹುಡುಗಾಟ ಎಂದು ಮರೆತುಬಿಡೋಣ ಎಂದರು. ಬಳೆ ಹೊತ್ತು ಓದಿಸಿದ ತಾಯಿಯ ಮುಖ ನೆನಪಿಸಿಕೋ ಎಂದೂ ಹೇಳಿದರು. ಅದೊಂದು ಮಾತು ಅವರು ಆಡಬಾರದಿತ್ತು.

"ನಮ್ಮವ್ವ ಹೊತ್ತ ಹಾದಿ ನಿಮ್ಮ ಪುಸ್ತಕದಾಗ ಎಲ್ಲೈತ್ರಿ ಸಾಹೇಬ್ರ? ತೋರಸ್ರಿ, ಈಗ ಗೆರಿ ಎಳೀತೀನಿ" ಎಂದೆ.

ಅವರ ಮುಖ ಕೆಂಪಗಾಯಿತು. ಕಾಗದವನ್ನು ಮತ್ತೆ ಖಾನೆಯಲ್ಲಿಟ್ಟು ಬೀಗ ಹಾಕಿದರು. ಸಹಾಯಕರು ಬರೆದದ್ದನ್ನು ಮುಖ್ಯಸ್ಥರು ಒಪ್ಪದಿದ್ದರೆ ಪುಸ್ತಕ ಮೇಲಿನ ಕಚೇರಿಗೆ ತೀರ್ಪಿಗೆ ಹೋಗಬೇಕು. ಸೋಮವಾರ ಹೋಗೋಣ, ಕೆಳಗೇರಿಯ ನಲ್ಲಿಯ ಮಾತು, ನಿನ್ನ ನೌಕರಿಯ ಮಾತು ಎರಡೂ ಅಲ್ಲೇ ತೀರ್ಮಾನವಾಗಲಿ ಎಂದರು. ನಾನು ಆಗಲಿ ಎಂದೆ.

ಮನೆಯಲ್ಲಿ ಹೇಳಿದಾಗ ಅವ್ವ ಕೈಯಲ್ಲಿದ್ದ ಬಳೆಯ ಸರವನ್ನು ಕೆಳಗಿಟ್ಟಳು. ನಿನ್ನನ್ನು ಓದಿಸಿದ್ದು ನೀನಾದರೂ ಬರಿಗೈಯಲ್ಲಿ ನಡೆಯಲಿ ಎಂದು, ಊರವರ ಕೊಡ ಹೊರಲಿ ಎಂದಲ್ಲ ಎಂದಳು. ನನಗೂ ರೇಗಿತು. ನೀನು ನಡೆದದ್ದು ಇನ್ನೂರಾ ಅರವತ್ತೇ ಸುತ್ತಂತೆ, ಪುಸ್ತಕದಲ್ಲಿ ಹಾಗೇ ಇದೆ, ನಾನೂ ಅದನ್ನೇ ನಂಬಲೇ ಎಂದೆ. ಎರಡು ದಿನ ರೊಟ್ಟಿ ಬಡಿಯುವ ಸದ್ದಿನಲ್ಲೇ ಅವಳ ಸಿಟ್ಟು ಗೊತ್ತಾಗುತ್ತಿತ್ತು. ಭಾನುವಾರ ಸಂಜೆ ಮಲಾರಕ್ಕೆ ಬಳೆ ಪೋಣಿಸುತ್ತ, ನನ್ನ ಕಡೆ ನೋಡದೆ, ಇನ್ನೂರಾ ಅರವತ್ತು ಅಂತ ಖರೇನ ಬರೆದಿದ್ದಾರಾ ಎಂದು ಕೇಳಿದಳು. ಹೌದೆಂದೆ. ಇನ್ನೊಂದು ಸರ ಪೋಣಿಸಿ ಮುಗಿಸಿ ಹೇಳಿದಳು.

"ನಾಳೆ ಆ ನೌಕರಿ ಉಳದ್ರ, ಒಂದಿನ ಗಾಲಿ ತಗೊಂಡು ನನ್ನ ಸಂಗಟ ಬಾ. ನಂದೂ ಒಮ್ಮೆ ಅಳಿ."

ಸೋಮವಾರ ಬೆಳಗ್ಗೆ ಹತ್ತೂವರೆಗೆ ಹೊರಟೆವು. ದ್ಯಾಮಣ್ಣ ರೂಢಿಯಂತೆ ಪುಸ್ತಕಕ್ಕೆ ಕೈ ಹಾಕಿದ. ಸಾಹೇಬರು ತಡೆದರು. ತಕರಾರಿನಲ್ಲಿರುವ ಪುಸ್ತಕವನ್ನು ಬರೆದವರೂ ಸಾಕ್ಷಿಯಾದವರೂ ಮುಟ್ಟುವ ಹಾಗಿಲ್ಲ, ಮುಖ್ಯಸ್ಥರೇ ಸ್ವತಃ ಒಯ್ಯಬೇಕು ಎಂಬ ನಿಯಮವನ್ನು ಓದಿ ಹೇಳಿದರು. ನಿಯಮ ಅಂದರೆ ಅವರಿಗೆ ಪ್ರಾಣ. ಆಮೇಲೆ ಅವರಿಗೆ ಏನನ್ನಿಸಿತೋ, ಗಾಲಿಯನ್ನೂ ಕೇಳಿದರು. ಮೇಲಿನ ಕಚೇರಿ ಮುನ್ನೂರಾ ಹತ್ತು ಸುತ್ತು, ಪುಸ್ತಕ ಬಗಲಲ್ಲಿಟ್ಟುಕೊಂಡೇ ಅಳೆದು ತೋರಿಸುತ್ತೇನೆ, ಹೆಚ್ಚೆಂದರೆ ಹತ್ತೋ ಇಪ್ಪತ್ತೋ ಹೆಚ್ಚಾದೀತು, ಭಾರ ಭಾರ ಎಂದು ಊರೆಲ್ಲ ಮಾಡುವ ಗದ್ದಲ ಇವತ್ತು ಮುಗಿಯಲಿ ಎಂದರು. ದ್ಯಾಮಣ್ಣ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

ನಾವಿಬ್ಬರೂ ಬರಿಗೈಯವರು, ಐದೇ ನಿಮಿಷಕ್ಕೆ ಮುಟ್ಟಿದೆವು. ಮೇಲಿನ ಕಚೇರಿಯ ಮೆಟ್ಟಿಲ ಮೇಲೆ ಕೂತು ಚಹಾ ಕುಡಿದೆವು. ಹುಲಿಗೆವ್ವ ಆಗಲೇ ಬಂದು ಕಂಬಕ್ಕೆ ಒರಗಿ ಕೂತಿದ್ದಳು. ಹನ್ನೆರಡು ಹೊಡೆಯಿತು. ಒಳಗಿನ ಅಧಿಕಾರಿ, ನಶ್ಯ ಏರಿಸುವ ಸಣಕಲ ಮನುಷ್ಯ, ಎರಡು ಸಲ ಹೊರಗೆ ಬಂದು ನಿಮ್ಮ ಸಾಹೇಬರೆಲ್ಲಿ ಎಂದು ಕೇಳಿದ. ದಾರಿಯಲ್ಲಿದ್ದಾರೆ ಎಂದೆವು. ಒಂದಾಯಿತು. ಅಧಿಕಾರಿ ಊಟಕ್ಕೆ ಹೋದ. ನನಗೆ ಕೂತಲ್ಲಿ ಕೂರಲಾಗದೆ ಎದ್ದು ಹಿಂದಕ್ಕೆ ನಡೆದೆ.

ಸಾಹೇಬರು ಮೋರಿಯ ಕಟ್ಟೆಯ ಮೇಲೆ ಕೂತಿದ್ದರು. ಕೋಟು ಬಿಚ್ಚಿ ಪಕ್ಕಕ್ಕಿಟ್ಟಿದ್ದರು, ಪುಸ್ತಕ ತೊಡೆಯ ಮೇಲಿತ್ತು. ಪೆಟ್ಟಿಗೆಯಲ್ಲಿ ನಾನೂರಾ ಎಂಬತ್ತೋ ಏನೋ ಇತ್ತು. ಮೇಲಿನ ಕಚೇರಿಯ ಕೆಂಪು ಹೆಂಚು ಅಲ್ಲಿಂದ ನನಗೆ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತಿತ್ತು. ಅವರಿಗೆ ಹೇಗೆ ಕಾಣುತ್ತಿತ್ತೋ. ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು, ನನ್ನನ್ನು ನೋಡದೆ ಪುಸ್ತಕವನ್ನು ಚೂರು ಮೇಲಕ್ಕೆತ್ತಿದರು.

"ಇದನ್ನ ಒಂದೀಟು ಹಿಡಿಯವಾ."

ನನಗೆ ಪಾಪ ಅನ್ನಿಸಿತು. ಸಂತೋಷವೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಮೊದಲ ಬಟ್ಟಲು ಚಹಾ ನನಗೆ ಕೊಡುತ್ತಿದ್ದ ಮನುಷ್ಯ ಇವರು. ಎತ್ತಿಕೊಂಡಿದ್ದರೆ ಅವರು ಹಗುರಾಗುತ್ತಿದ್ದರು, ನನ್ನ ನೌಕರಿಯೂ ಬಹುಶಃ ಅಲ್ಲೇ ಕಾಯಂ ಆಗುತ್ತಿತ್ತು. ಆದರೆ ತಕರಾರಿನ ಪುಸ್ತಕ ನಾನು ಮುಟ್ಟಿದೆನೆಂದು ಅರ್ಜಿ ಬಿದ್ದುಹೋಗಿ, ಕೆಳಗೇರಿಯವರು ಇನ್ನೂ ಹತ್ತು ವರ್ಷ ಸಾವಿರದ ತೊಂಬತ್ತಾರು ಸುತ್ತು ನಡೆಯುತ್ತಿದ್ದರು.

"ನಾ ಮುಟ್ಟೂ ಹಂಗಿಲ್ರಿ ಸಾಹೇಬ್ರ" ಎಂದೆ. "ಮುಂಜಾನೆ ನೀವ ಓದಿ ಹೇಳೀರಿ."

ಅವರು ತಲೆಯಾಡಿಸಿದರು. ನಿಯಮ ನಿಯಮವೇ. ಎದ್ದು, ಪುಸ್ತಕವನ್ನು ಇನ್ನೊಂದು ಬಗಲಿಗೆ ಬದಲಿಸಿ, ಗಾಲಿಯ ಹಿಡಿಕೆ ಹಿಡಿದರು. ನಾನು ತಿರುಗಿ ಹೊರಟೆ. ಅವರ ಜೊತೆ ನಡೆಯಬೇಕೆಂದರೂ ಆಗುತ್ತಿರಲಿಲ್ಲ, ಎರಡೇ ನಿಮಿಷಕ್ಕೆ ಮೆಟ್ಟಿಲು ಬಂದಿತ್ತು. ಮತ್ತೆ ಕೂತೆವು. ದೂರದಿಂದ ಗಾಲಿಯ ಗಂಟೆ ಕೇಳುತ್ತಿತ್ತು. ಠಣ್. ನಾಲ್ಕು ಹೆಜ್ಜೆಗೊಮ್ಮೆ ಪುಸ್ತಕ ಇಳಿಸಿ ಕೂರುತ್ತಿದ್ದರೇನೋ, ಎಷ್ಟೋ ಹೊತ್ತಿಗೆ ಮತ್ತೊಂದು ಠಣ್. ಹುಲಿಗೆವ್ವ ಕಣ್ಣು ಮುಚ್ಚಿ ಬೆರಳು ಮಡಿಸಿ ಎಣಿಸುತ್ತಿದ್ದಳು. ದ್ಯಾಮಣ್ಣ ಚಹಾ ಬೇಡವೆಂದ.

ನಾಲ್ಕು ಗಂಟೆಗೆ ಸಾಹೇಬರು ಬಂದರು. ಅಂಗಿ ಬೆನ್ನಿಗೆ ಅಂಟಿತ್ತು, ತುಟಿ ಒಣಗಿತ್ತು. ದಾರಿಯಲ್ಲಿ ಯಾರೂ ಇರಲಿಲ್ಲ. ಪೆಟ್ಟಿಗೆಯ ಪಕ್ಕದಲ್ಲಿ ಒಂದು ತಿರುಪು ಇದೆ, ಅದನ್ನು ಎಲ್ಲಾದರೂ ನಿಂತು ತಿರುಗಿಸಿದ್ದರೆ ಸೊನ್ನೆಯಾಗುತ್ತಿತ್ತು, ಬೇಕಾದ ಅಂಕಿಗೆ ತಂದು ನಿಲ್ಲಿಸಬಹುದಿತ್ತು. 'ಅಯ್ಯೋ, ಆ ತಿರುಪಿನ ಮಾತು ಮರೆತೇಬಿಟ್ಟಿದ್ದೆನಲ್ಲ' ಎಂದು ಆಗ ನನಗೆ ಹೊಳೆಯಿತು. ಅಧಿಕಾರಿ ನಶ್ಯದ ಡಬ್ಬಿ ಮುಚ್ಚಿ, ನಿಮ್ಮ ಕಚೇರಿಯಿಂದ ಇಲ್ಲಿಗೆ ಎಷ್ಟು ದೂರ, ಯಾಕಿಷ್ಟು ತಡ ಎಂದು ಗದರಿಸಿದ. ಸಾಹೇಬರು ಬಾಗಿ ತಾಮ್ರದ ಪೆಟ್ಟಿಗೆ ನೋಡಿದರು.

"ಎಂಟುನೂರಾ ಮೂವತ್ತೆಂಟು ಸುತ್ತು" ಎಂದು ಓದಿದರು.

ಮುನ್ನೂರಾ ಹತ್ತು ಎಂದು ನೀವೇ ಬರೆದಿದ್ದೀರಲ್ಲ ಎಂದ ಅಧಿಕಾರಿ. ಅದು ಬರಿಗೈಯದು ಎಂದರು ಸಾಹೇಬರು. ಹಾಗಾದರೆ ಈ ಹುಡುಗಿ ಬರೆದ ಬಾವಿಯ ಅಳತೆ ಎಂದು ಅವನು ಕೇಳಿದ. ಸಾಹೇಬರು ನನ್ನ ಪುಟ ತೆಗೆದು, ಕಿಸೆಯ ಪೆನ್ನಿನಿಂದ ನನ್ನ ಸಹಿಯ ಕೆಳಗೆ ತಮ್ಮ ಸಹಿ ಹಾಕಿ, ಪುಸ್ತಕವನ್ನು ಅವನ ಕಡೆ ತಿರುಗಿಸಿದರು. ಅಧಿಕಾರಿಗೆ ಇದ್ಯಾವುದೂ ಹಿಡಿಸಲಿಲ್ಲ. ಆದರೆ ಎರಡೂ ಸಹಿ ಇದ್ದ ಮೇಲೆ ಅವನಿಗೂ ಬೇರೆ ದಾರಿ ಇರಲಿಲ್ಲ. ಕೆಳಗೇರಿಯ ಅರ್ಜಿಯ ಮೇಲೆ ನಲ್ಲಿ ಮಂಜೂರು ಎಂದು ಗೀಚಿದ. ಆ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಂಡ: ರೂಢಿ ಮೀರಿದ ಈ ಹುಡುಗಿಯನ್ನು ಈಗಲೇ ಕಾಯಂ ಮಾಡಬೇಡಿ, ಪರೀಕ್ಷಾವಧಿ ಇನ್ನೂ ಆರು ತಿಂಗಳು ಮುಂದುವರಿಯಲಿ, ನಡತೆ ನೋಡಿ ಮುಂದಿನದು ಎಂದ. ಮುಂದುವರಿಯಲಿ, ನನ್ನ ನಡತೆ ಆರು ತಿಂಗಳಲ್ಲಿ ಬದಲಾಗುವಂಥದ್ದಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಹುಲಿಗೆವ್ವ ಮಂಜೂರಾತಿಯ ಕಾಗದ ಇಸಿದುಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡಳು.

ಅಳೆದ ರಸ್ತೆಯನ್ನು ಅದೇ ದಿನ ಪುಸ್ತಕಕ್ಕೆ ಏರಿಸಬೇಕು, ಅದೂ ನಿಯಮ. ಸಾಹೇಬರು ಅಲ್ಲೇ ಮೇಜಿನ ತುದಿಯಲ್ಲಿ ಕೂತು ಹೊಸ ಪುಟ ತೆಗೆದರು. ರಸ್ತೆಯ ಹೆಸರು, ಎಲ್ಲಿಂದ, ಎಲ್ಲಿಗೆ, ತಾರೀಖು, ತಮ್ಮ ಹೆಸರು, ಎಂಟುನೂರಾ ಮೂವತ್ತೆಂಟು. ಆರು ಕಾಲಂ ತುಂಬಿ, ಪುಸ್ತಕವನ್ನು ನನ್ನತ್ತ ಸರಿಸಿದರು. ತೀರ್ಪು ಆಗಿತ್ತು, ಈಗ ನಾನು ಮುಟ್ಟಬಹುದಿತ್ತು. ಆರು ತಿಂಗಳ ರೂಢಿ ನೋಡಿ, ಅವರ ಕೈ ತಾನಾಗಿ ಕಿಸೆಗೆ ಹೋಗಿ ಸ್ಕೇಲನ್ನೂ ತೆಗೆದು ಪುಟದ ಪಕ್ಕದಲ್ಲಿಟ್ಟಿತು.

ಸ್ಕೇಲನ್ನು ನಾನು ಮುಟ್ಟಲಿಲ್ಲ. ಪೆನ್ನು ಎತ್ತಿಕೊಂಡು, ಏಳನೇ ಕಾಲಮ್ಮಿನಲ್ಲಿ, ನನಗಿದ್ದ ಅತ್ಯಂತ ನೇರವಾದ ಅಕ್ಷರಗಳಲ್ಲಿ ಬರೆದೆ: ಅಡ್ಡಗೆರೆಗಳು ತುಂಬಿದ ಒಂದು ಪುಸ್ತಕ.

ಸಾಹೇಬರು ಅದನ್ನು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಎಂಟನೇ ಕಾಲಮ್ಮಿನಲ್ಲಿ ಸಹಿ ಹಾಕಿದರು.